ಮೊದಲು ಬಂದದ್ದು ಬಿಸಿಲು

ಕೆಮಿ ಪಟ್ಟಣದ ಡಿಸೆಂಬರಿನಲ್ಲಿ
ಹಗಲೆಂದರೆ ಹೊಸ್ತಿಲಲ್ಲೇ ನಿಂತು ಮಾತಾಡಿಸಿ
ಚಪ್ಪಲಿ ಬಿಚ್ಚದೆ ಹೊರಟುಬಿಡುವ ನೆಂಟ.
ಬೀದಿಯ ಹಿಮ ಗೋರುವ ಗಾಡಿಯ ತೈಸ್ತೊ
ಮನೆಗೆ ಬಂದು ಮಲಗುವಾಗ ಕತ್ತಲು,
ಎದ್ದು ಕಾಫಿಗೆ ನೀರಿಡುವಾಗ ಮತ್ತೆ ಕತ್ತಲು.
ಇಂಥ ಊರಲ್ಲಿ ಹನ್ನೊಂದು ವರ್ಷದ ಇರ್ಯಾ
ಗೋಸುಂಬೆ ಬೇಕೆಂದಳು.

"ಬಣ್ಣ ಬದಲಿಸುವುದನ್ನು ನೋಡಬೇಕಿದ್ದರೆ
ನಮ್ಮ ಕಾಗದದ ಕಾರ್ಖಾನೆಯ ಮೇಸ್ತ್ರಿಯನ್ನೇ ಸಾಕಬಹುದಿತ್ತು"
ಎಂದ ಅಜ್ಜ ವಿಲ್ಯಾಮಿ.
ಔಷಧಿ ಅಂಗಡಿಯಲ್ಲಿ ಗುಳಿಗೆ ಎಣಿಸುವ ತಾಯಿ ಹೆಲ್ವಿ
ನಗಲಿಲ್ಲ. ಒಂದೇ ಮಾತು:
ಮೊದಲು ಮನೆ, ಆಮೇಲೆ ಜೀವ.
ಖಾಲಿ ಪಂಜರವನ್ನು ಒಂದು ತಿಂಗಳು ಸಾಕಿ ತೋರಿಸು.

ಹಾಗೆ ಮೊದಲು ಬಂದದ್ದು ಬಿಸಿಲು,
ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ, ಗ್ಯಾರಂಟಿ ಚೀಟಿ ಸಮೇತ.
ಆಮೇಲೆ ಇರ್ಯಾಳ ಭುಜದೆತ್ತರದ ಜಾಲರಿ ಪಂಜರ.
ಅದನ್ನು ಹೊಲಿಗೆ ಮೇಜಿನ ಮೇಲೇರಿಸಿದರು,
ತಲೆಯ ಮೇಲಿಂದ ಬಗ್ಗುವವರೆಲ್ಲ
ಆ ಪ್ರಾಣಿಯ ಲೆಕ್ಕದಲ್ಲಿ ಹದ್ದುಗಳಂತೆ.
ಒಂದು ಮನಿ ಪ್ಲಾಂಟ್, ಒಂದು ಆಲದ ಜಾತಿಯ ಗಿಡ,
ತೈಸ್ತೊ ಗಾಡಿ ನಿಲ್ಲಿಸಿ ಹಿಮದಿಂದ ಎಳೆದು ತಂದ
ಬರ್ಚ್ ಮರದ ಕೊಂಬೆಗಳು:
ಕುದಿನೀರಲ್ಲಿ ತೊಳೆದು, ಹಿಡಿತಕ್ಕೆ ತಕ್ಕ ದಪ್ಪ ನೋಡಿ
ಅಡ್ಡಡ್ಡ ಕಟ್ಟಿದ್ದು.
ಬಟ್ಟಲು ಬೇಡ. ಬಟ್ಟಲಲ್ಲಿ ನಿಂತದ್ದು ನೀರೆಂದು
ಅದಕ್ಕೆ ತಿಳಿಯುವುದೇ ಇಲ್ಲ,
ಎಲೆಯ ತುದಿಯಲ್ಲಿ ನಡುಗಿ ಬೀಳಬೇಕು.

ಇರ್ಯಾಳ ನೋಟ್‌ಬುಕ್ಕಿನಲ್ಲಿ, ಜನವರಿ ನಾಲ್ಕು:
ಮೇಲಿನ ಕೊಂಬೆ, ಮೂವತ್ತು.
ನಡು, ಇಪ್ಪತ್ನಾಲ್ಕು.
ದೀಪ ಆರಿದ ಮೇಲೆ, ಹದಿನೆಂಟು.
ಅಜ್ಜನ ಮೊಣಕಾಲು, ಅಳೆಯಲು ಬಿಡಲಿಲ್ಲ.

ಯಾಕೆಂದರೆ ಅಜ್ಜ ಕುರ್ಚಿ ಎಳೆದುಕೊಂಡು
ಪಂಜರದ ಪಕ್ಕದಲ್ಲೇ ಪೇಪರ್ ಓದತೊಡಗಿದ್ದ.
ಕೆಳಮನೆಯ ಲೆಂಪಿ ಸಕ್ಕರೆ ಕೇಳಲು ಬಂದವಳು
ಹೆಣಿಗೆ ತರಲು ಮಾತ್ರ ಕೆಳಗಿಳಿದು ಹೋದಳು.
ಯಾರೂ ಇಲ್ಲದ ಕಾಡಿನ ಎದುರು
ಮೂರು ಜನ, ಮೌನವಾಗಿ, ಹಸಿರು ನೋಡುತ್ತ.

ತಿಂಗಳು ತುಂಬಿತು. ಔಲುವಿಗೆ ನೂರು ಕಿಲೋಮೀಟರ್,
ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತೆರಡು.
ಬಸ್ ರಿಪೇರಿಯಿಂದ ನಿವೃತ್ತನಾದ ರಂತಕೊಕ್ಕೊನ
ಮೂರನೆಯ ಮಹಡಿಯ ಕೋಣೆಯಲ್ಲಿ
ನಾಲ್ಕು ತಿಂಗಳ ಮರಿಗಳು, ಒಂದೊಂದಕ್ಕೆ ಒಂದೊಂದು ಗೂಡು.
ಇರ್ಯಾಳ ಬೆರಳು ನೇರ ಹೋದದ್ದು
ಹಳದಿ ಪಟ್ಟೆ, ಕಪ್ಪು ಚುಕ್ಕೆ,
ಹಬ್ಬದ ಪಟಾಕಿಯಂತೆ ಹೊತ್ತಿಕೊಂಡಿದ್ದ ಮರಿಯತ್ತ.
ಅವನು ಗ್ರೀಸಿನ ಕಲೆ ಹೋಗದ ಕೈಯನ್ನು ಅಡ್ಡ ಹಿಡಿದ.
"ಅದು ಚೆಂದವಲ್ಲ ಮಗೂ, ನಿನ್ನ ಮೇಲಿನ ಹೆದರಿಕೆ.
ಎರಡು ಹೆಜ್ಜೆ ಹಿಂದೆ ಬಾ."

ಹಿಂದೆ ಬಂದಳು.
ಬಣ್ಣ ನಿಧಾನವಾಗಿ ಇಳಿಯಿತು.
ಕೆನ್ನೆ ಕೆಂಪಾಗಿ ಅವಳು ತನ್ನ ಬೂಟು ನೋಡಿಕೊಂಡಳು.

ಆಮೇಲೆ ಬಹಳ ಹೊತ್ತು ಕೈ ಚಾಚದೆ ಕೂತಳು.
ಮೂಲೆಯ ಗೂಡಿನಲ್ಲಿ ಒಂದು, ಸಾದಾ ಹಸಿರು,
ಬೇಯಿಸಿದ ಬಟಾಣಿಯ ಹಸಿರು,
ಕಣ್ಣಿನ ಗೋಪುರ ತುಂಬಿ ದುಂಡಗೆ,
ಕೊಂಬೆಯನ್ನು ಸಾಲಗಾರನ ಕೈಯಂತೆ ಬಿಗಿ ಹಿಡಿದು
ಅವಳನ್ನು ಒಂದು ಕಣ್ಣಿಂದ,
ಗೋಡೆಯ ನೊಣವನ್ನು ಇನ್ನೊಂದರಿಂದ ನೋಡುತ್ತಿತ್ತು.
ನೊಣ ಗೆದ್ದಿತು.
"ಇದು" ಎಂದಳು ಇರ್ಯಾ.

ಬಿಸಿನೀರ ಚೀಲ, ಉಣ್ಣೆಯ ಟೋಪಿ, ತೂತಿನ ಪೆಟ್ಟಿಗೆ.
ತೈಸ್ತೊ ಇಡೀ ದಾರಿ
ಮೊಟ್ಟೆಯ ಮೇಲೆ ಗಾಡಿ ಓಡಿಸಿದಂತೆ ಓಡಿಸಿದ.

ಮನೆಯಲ್ಲಿ ಪೆಟ್ಟಿಗೆ ತೆರೆದು ಎಲ್ಲರೂ ಹಿಂದೆ ಸರಿದರು.
ಅದು ಒಂದು ಕಾಲೆತ್ತಿತು, ತೂಗಿತು, ಯೋಚಿಸಿತು,
ಇಡಲಿಲ್ಲ.
ಅಜ್ಜ ಕಾಫಿ ಕುಡಿದು ಮುಗಿಸಿದ. ಆಗ ಇಟ್ಟಿತು.

ಅದೇ ರಾತ್ರಿ ಮುಚ್ಚಳ ಸಡಿಲಾಗಿ
ಡಬ್ಬಿಯ ಮಿಡತೆಹುಳುಗಳಲ್ಲಿ ಏಳೋ ಎಂಟೋ
ಫ್ರಿಜ್ಜಿನ ಹಿಂದೆ ಸೇರಿಕೊಂಡವು.
ಹೆಲ್ವಿ ಪೊರಕೆ ಎತ್ತಿಕೊಂಡಳು.
ಅಜ್ಜ ಕೈ ಮಾಡಿ ತಡೆದ: ತನ್ನ ಚಿಕ್ಕಂದಿನಲ್ಲಿ
ರೊಟ್ಟಿಯ ಒಲೆಯ ಹಿಂದೆ ಇದೇ ಸದ್ದಿತ್ತು.
ಕಿಟಕಿಯಾಚೆ ಹಿಮ. ಒಳಗೆ ಜೂನ್ ತಿಂಗಳು ಚಿರಗುಟ್ಟುತ್ತಿದೆ.
ಬೆಳ್ಳಗೆ ಬಣ್ಣ ಬಿಟ್ಟು, ಬಾಲ ಸುತ್ತಿ,
ತನ್ನ ನಾಳಿನ ಊಟ ಹಾಡುವುದನ್ನು ಕೇಳಿಸಿಕೊಳ್ಳದೆ
ಹೆಸರಿಡದ ಆ ಮರಿ ಮಲಗಿದೆ.